ಟ್ಯಾಂಕಿನಿಂದ ಗ್ಲಾಸಿಗೆ ಎಷ್ಟು ದೂರ

ಕನ್ನಡ ಪತ್ರಿಕೆಗಳಲ್ಲಿ ಮದ್ಯಕ್ಕೆ ಸಿಗುವ ಜಾಗ ಮೂರೇ: ಅಬಕಾರಿ ಆದಾಯದ ಸುದ್ದಿ, ಕುಡಿದು ಗಾಡಿ ಓಡಿಸಿದವರ ಸುದ್ದಿ, ಕುಡಿತ ಬಿಡಿಸುವ ಲೇಖನ. ಮೂರೂ ಬೇಕಾದವೇ. ಆದರೆ ಕಾಫಿಗೋ ಮಾವಿನಹಣ್ಣಿಗೋ ಬಿರಿಯಾನಿಗೋ ನಾವು ಹಚ್ಚುವ ಒರೆಗಲ್ಲನ್ನು ಬಿಯರಿಗೆ ಹಚ್ಚಿದ ಬರಹ ನಮ್ಮಲ್ಲಿ ಅಪರೂಪ. ಇದು ವಿಚಿತ್ರ, ಯಾಕೆಂದರೆ ಸ್ಥಳದಲ್ಲೇ ಬಿಯರ್ ತಯಾರಿಸಿ ಮಾರುವ ಮೈಕ್ರೋಬ್ರೂವರಿಗಳ ಹೆಸರೆತ್ತಿದರೆ ದೇಶಕ್ಕೆಲ್ಲ ಮೊದಲು ನೆನಪಾಗುವ ಊರುಗಳಲ್ಲಿ ಬೆಂಗಳೂರೂ ಒಂದು. 2010ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಇಂಥ ಪುಟ್ಟ ಘಟಕಗಳಿಗೆ ದಾರಿ ಮಾಡಿಕೊಟ್ಟ ಮೇಲೆ ಇಂದಿರಾನಗರದ ಟಾಯ್ಟ್, ವಿಠಲ ಮಲ್ಯ ರಸ್ತೆಯ ಕಡೆಯ ಬಿಯರ್ ಕ್ಲಬ್, ಮ್ಯಾಗ್ರಾತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಹೀಗೆ ಒಂದರ ಹಿಂದೊಂದು ಬಾಗಿಲು ತೆರೆದವು. ಈಗ ಹೆಣ್ಣೂರಿನಿಂದ ಸರ್ಜಾಪುರ ರಸ್ತೆಯವರೆಗೆ ಹಬ್ಬಿವೆ. ಇವುಗಳ ಬಗ್ಗೆ ಬರುವ ಅಭಿಪ್ರಾಯಗಳನ್ನು ಓದಿದರೆ ಒಂದು ಮಾತು ಹೊಳೆಯುತ್ತದೆ. ದೀಪಾಲಂಕಾರ, ನೀರಿನ ಕೊಳ, ಸಂಗೀತದ ಗದ್ದಲ, ಪನೀರ್ ಟಿಕ್ಕಾ, ಹುಟ್ಟುಹಬ್ಬಕ್ಕೆ ಸಿಬ್ಬಂದಿ ತಂದಿಟ್ಟ ಕೇಕು, ಎಲ್ಲದಕ್ಕೂ ನಕ್ಷತ್ರಗಳುಂಟು. ಬಿಯರಿಗೆ ಮಾತ್ರ ‘ಸೂಪರ್’ ಅಥವಾ ‘ಪರವಾಗಿಲ್ಲ’ ಎಂಬ ಒಂದೇ ಪದ. ಬ್ರೂವರಿಗೆ ಹೋಗಿ ಬ್ರೂವರಿಯನ್ನೇ ಬಿಟ್ಟು ಮಿಕ್ಕೆಲ್ಲವನ್ನೂ ತೂಗಿ ಬರುತ್ತಿದ್ದೇವೆ. ಹಾಗಾದರೆ ತೂಗುವುದು ಯಾವ ತಕ್ಕಡಿಯಲ್ಲಿ? ಸಣ್ಣ ಬ್ರೂವರಿಗೆ ದೊಡ್ಡ ಕಾರ್ಖಾನೆಯೆದುರು ಇರುವ ಅನುಕೂಲ ಒಂದೇ, ಅದು ಸಾಮೀಪ್ಯ. ಬಿಯರ್ ಆಗಲಿ ಉಪಚಾರವಾಗಲಿ, ಆ ಒಂದು ಅನುಕೂಲವನ್ನು ಬ್ರೂವರಿಯವರು ಎಷ್ಟು ಉಳಿಸಿಕೊಂಡಿದ್ದಾರೆ ಎಂಬುದರ ಮೇಲೆ ಅಳೆಯಬೇಕು ಎಂಬುದು ನನ್ನ ವಾದ.

ಮೊದಲು ಕಾರ್ಖಾನೆಗೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡೋಣ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ 1915ರಲ್ಲಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಬೆಂಗಳೂರಿನ ಚರಿತ್ರೆಯ ಭಾಗ; ಇಂದಿನ ಯುಬಿ ಸಿಟಿ ನಿಂತಿರುವುದೂ ಹಳೆಯ ಬ್ರೂವರಿಯ ನೆಲದ ಮೇಲೆ. ಇಂಥ ಕಂಪನಿಯ ಬಾಟಲಿ ಬೀದರಿನಲ್ಲಿ ತೆರೆದರೂ ಕಾರವಾರದಲ್ಲಿ ತೆರೆದರೂ ರುಚಿ ಒಂದೇ. ಆ ಏಕರೂಪತೆಯ ಹಿಂದೆ ಪ್ರಯೋಗಾಲಯ, ಶೋಧನೆ, ಪಾಶ್ಚರೀಕರಣ, ಬಿಗಿಯಾದ ಶಿಸ್ತು ಇದೆ. ಯಾವ ಪುಟ್ಟ ಬ್ರೂವರಿಯೂ ಅದರ ಹತ್ತಿರ ಸುಳಿಯಲಾರದು. ಮಾಲ್ಟನ್ನು ಅಗ್ಗಕ್ಕೆ ಕೊಳ್ಳುವ ಶಕ್ತಿಯೂ ಅವರದೇ. ಆದರೆ ಆ ಬಾಟಲಿ ಲಾರಿಯಲ್ಲಿ, ಗೋದಾಮಿನಲ್ಲಿ, ಅಂಗಡಿಯ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಾಳಬೇಕು. ನಮ್ಮ ಬೇಸಿಗೆಯಲ್ಲಿ ಆ ಬಾಳು ಸುಖದ್ದಲ್ಲ. ಹಾಪ್ಸ್ ಹೂವಿನ ಪರಿಮಳ ಮೊದಲು ಹಾರಿಹೋಗುತ್ತದೆ. ಆಮ್ಲಜನಕ ತಾಗಿದ ಬಿಯರಿಗೆ ನಿಧಾನವಾಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಹಾಗಾಗದಂತೆ ತಡೆಯಲು ಕಾರ್ಖಾನೆ ತನ್ನ ಬಿಯರನ್ನು ಗಟ್ಟಿಮುಟ್ಟಾಗಿಸಬೇಕು, ಗಟ್ಟಿಮುಟ್ಟಾಗಿಸುವಾಗ ಒಂದಿಷ್ಟು ಸೂಕ್ಷ್ಮ ಕಳೆದುಕೊಳ್ಳಬೇಕು. ಮೈಕ್ರೋಬ್ರೂವರಿಗೆ ಈ ಕಷ್ಟವಿಲ್ಲ. ಅಲ್ಲಿ ಟ್ಯಾಂಕು ಕಣ್ಣಳತೆಯಲ್ಲಿದೆ, ಯೀಸ್ಟ್ ಇನ್ನೂ ಜೀವಂತ, ಪಾಶ್ಚರೀಕರಣದ ಗೊಡವೆ ಇಲ್ಲ. ನಮ್ಮ ಅಬಕಾರಿ ನಿಯಮದ ಮೂಲ ಕಲ್ಪನೆಯೂ ಅದೇ: ಕುದಿಸಿದ ಜಾಗದಲ್ಲೇ ಮಾರಬೇಕು. 2020ರ ಲಾಕ್‌ಡೌನಿನಲ್ಲಿ ಟ್ಯಾಂಕುಗಳಲ್ಲಿ ಬಿಯರ್ ಉಳಿದುಹೋಗಿ ಮಾಲೀಕರು ಮೊರೆಯಿಟ್ಟಾಗ ಮನೆಗೆ ಕಟ್ಟಿಕೊಡಲು ಸರ್ಕಾರ ತಾತ್ಕಾಲಿಕ ಅನುಮತಿ ಕೊಟ್ಟಿತು. ಅದನ್ನು ವಿಶೇಷ ವಿನಾಯಿತಿಯಾಗಿ ಕೊಡಬೇಕಾಗಿ ಬಂದದ್ದೇ ನಿಯಮ ಏನೆಂಬುದನ್ನು ಹೇಳುತ್ತದೆ. ಹೀಗಾಗಿ ಅಂಗಡಿಯ ಬಾಟಲಿಗಿಂತ ಎಷ್ಟೋ ಹೆಚ್ಚು ಬೆಲೆ ತೆತ್ತು ಇಲ್ಲಿ ಕುಳಿತವರು ಕೊಳ್ಳುತ್ತಿರುವುದು ತಾಜಾತನವನ್ನು. ಅದು ಸಿಕ್ಕಿತೇ ಇಲ್ಲವೇ ಎಂದು ಕೇಳುವುದು ಅವರ ಹಕ್ಕು.

ಸಿಕ್ಕಿತೇ ಎಂದು ತಿಳಿಯಲು ಮೊದಲು ತರಿಸಬೇಕಾದದ್ದು ಪಟ್ಟಿಯಲ್ಲಿರುವ ಅತ್ಯಂತ ಸಾದಾ ಬಿಯರು. ಹೊಸ ಹೋಟೆಲಿನ ಕೈ ತಿಳಿಯಬೇಕಾದರೆ ಶೆಜ್ವಾನ್ ದೋಸೆಯನ್ನಲ್ಲ, ಇಡ್ಲಿಯನ್ನು ತರಿಸಿ ನೋಡುತ್ತೇವಲ್ಲ, ಹಾಗೆ. 1842ರಲ್ಲಿ ಬೊಹಿಮಿಯಾದ ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದವನು ತಯಾರಿಸಿದ ಹೊಂಬಣ್ಣದ ಲಾಗರ್ ಇಂದು ಜಗತ್ತು ಕುಡಿಯುವ ಬಹುಪಾಲು ಬಿಯರಿನ ಪೂರ್ವಜ. ತಿಳಿ ಮಾಲ್ಟು, ಮೃದು ನೀರು, ಹಾಪ್ಸ್, ತಣ್ಣಗೆ ಕೆಲಸ ಮಾಡುವ ಯೀಸ್ಟು. ಬೇರೆ ಮರೆಯೇ ಇಲ್ಲ. ಲಾಗರ್ ಯೀಸ್ಟಿಗೆ ಬೇಕಾದದ್ದು ಸುಮಾರು 8ರಿಂದ 13 ಡಿಗ್ರಿ ಸೆಲ್ಸಿಯಸ್. ಅದಾದ ಮೇಲೆ ಸೊನ್ನೆಯ ಹತ್ತಿರದ ತಂಪಿನಲ್ಲಿ ವಾರಗಟ್ಟಲೆ ವಿಶ್ರಾಂತಿ. ಏಲ್ ಯೀಸ್ಟು ಇದಕ್ಕಿಂತ ಬೆಚ್ಚಗೆ, ಇದಕ್ಕಿಂತ ಬೇಗ ಕೆಲಸ ಮುಗಿಸುತ್ತದೆ. ಇಲ್ಲಿ ಮಾಲೀಕನ ಲೆಕ್ಕ ಶುರುವಾಗುತ್ತದೆ. ಬೆರಳೆಣಿಕೆಯ ಟ್ಯಾಂಕುಗಳಿರುವ ಮನೆಯಲ್ಲಿ ಒಂದು ಲಾಗರ್ ಮಲಗಿರುವಷ್ಟು ದಿನದಲ್ಲಿ ಅದೇ ಟ್ಯಾಂಕಿನಿಂದ ಎರಡು ಸಲ ಏಲ್ ಇಳಿಸಬಹುದು. ಹಬ್ಬವೋ ಕ್ರಿಕೆಟ್ ಪಂದ್ಯವೋ ಬಂದಾಗ ಲಾಗರನ್ನು ನಾಲ್ಕು ದಿನ ಮೊದಲೇ ಎಬ್ಬಿಸಿಬಿಡುವ ಆಸೆ ಸಹಜ. ಎಬ್ಬಿಸಿದರೆ ನಾಲಿಗೆಗೆ ಗೊತ್ತಾಗುತ್ತದೆ: ಯೀಸ್ಟ್ ತಾನೇ ಹುಟ್ಟಿಸಿ ತಾನೇ ಮರಳಿ ಹೀರಿಕೊಳ್ಳಬೇಕಿದ್ದ ಡೈಅಸಿಟೈಲ್ ಉಳಿದು ಬೆಣ್ಣೆ ಬಿಸ್ಕತ್ತಿನ ವಾಸನೆ, ಅಸಿಟಾಲ್ಡಿಹೈಡ್ ಉಳಿದು ಕಾಯಿ ಸೇಬಿನ ಹಸಿ ವಾಸನೆ. ವರ್ಟನ್ನು, ಅಂದರೆ ಮಾಲ್ಟಿನ ಕಷಾಯವನ್ನು, ಸಾಕಷ್ಟು ಕುದಿಸದಿದ್ದರೆ ಬೇಯಿಸಿದ ಮುಸುಕಿನ ಜೋಳದ ಘಮ. ಕೆಲವು ಜೆಕ್ ಲಾಗರುಗಳಲ್ಲಿ ತುಸು ಬೆಣ್ಣೆಯ ಛಾಯೆ ಒಪ್ಪಿತ ಎಂಬುದು ನಿಜ. ಆದರೆ ಅದು ಬೇಕೆಂದು ಬಿಟ್ಟ ಛಾಯೆ, ಅವಸರದಲ್ಲಿ ಉಳಿದ ಕಲೆಯಲ್ಲ.

ಬೆಂಗಳೂರಿನವರ ಪ್ರೀತಿ ಲಾಗರಿಗಿಂತ ಗೋಧಿ ಬಿಯರಿನ ಮೇಲೆ ಹೆಚ್ಚು. ಜರ್ಮನ್ ಶೈಲಿಯ ಹೆಫೆವೈಜನ್ ಇಲ್ಲದ ಬ್ರೂವರಿ ಇಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅದನ್ನು ಪರೀಕ್ಷಿಸುವುದು ಲಾಗರಿಗಿಂತ ಸುಲಭ, ಖುಷಿಯೂ ಹೆಚ್ಚು. ಬಾಳೆಹಣ್ಣಿನ ವಾಸನೆ, ಲವಂಗದ ವಾಸನೆ ಎರಡೂ ಅದರಲ್ಲಿರಬೇಕು, ಎರಡನ್ನೂ ಯಾರೂ ಸೇರಿಸಿರಬಾರದು. ಎರಡೂ ಯೀಸ್ಟಿನ ಕೆಲಸ. ಹುದುಗುವಾಗ ಟ್ಯಾಂಕು ಬೆಚ್ಚಗಾದಷ್ಟೂ ಸಾಮಾನ್ಯವಾಗಿ ಬಾಳೆ ಮೇಲೇರುತ್ತದೆ. ಬರೀ ಬಾಳೆಹಣ್ಣೇ ಮೂಗಿಗೆ ಬಡಿದು ಲವಂಗ ಕಾಣೆಯಾಗಿದ್ದರೆ ಉಷ್ಣತೆ ಕೈತಪ್ಪಿರಬಹುದು ಎಂದು ಊಹಿಸಲು ಅಡ್ಡಿಯಿಲ್ಲ. ಈ ಬಿಯರ್ ಮಬ್ಬಾಗಿರುವುದೇ ಸರಿ. ಮತ್ತೆ, ಇದು ಹರೆಯದಲ್ಲೇ ಕುಡಿಯಬೇಕಾದ ಬಿಯರು. ವಾರಗಳು ಕಳೆದಂತೆ ಹಣ್ಣಿನ ಗಮಲು ಇಳಿದು, ಯೀಸ್ಟ್ ತಳಕ್ಕೆ ಕುಳಿತು, ಸಪ್ಪೆ ಹಿಟ್ಟಿನ ರುಚಿ ಮಾತ್ರ ಉಳಿಯುತ್ತದೆ. ಲಾಗರ್ ತಾಳ್ಮೆಯನ್ನು ಪರೀಕ್ಷಿಸಿದರೆ ಗೋಧಿ ಬಿಯರ್ ಚುರುಕುತನವನ್ನು ಪರೀಕ್ಷಿಸುತ್ತದೆ. ಈ ಎರಡು ಗ್ಲಾಸು ಸರಿಯಾಗಿದ್ದರೆ ಆ ಮನೆಯ ಟ್ಯಾಂಕಿನ ಕೋಣೆಯಲ್ಲಿ ಕೆಲಸ ಬಲ್ಲವರಿದ್ದಾರೆ.

ಮಾವಿನ ಬಿಯರು, ಕಾಫಿ ಹಾಕಿದ ಕಪ್ಪು ಸ್ಟೌಟು, ರಾಗಿಯ ಏಲು, ಟಾಯ್ಟ್‌ನವರು ಮಾಡುವಂಥ ಬಾಸುಮತಿ ಅಕ್ಕಿಯ ಬ್ಲಾಂಡು, ಇವೆಲ್ಲ ಆಮೇಲೆ ಬರಲಿ. ಇವನ್ನು ಕೀಳಾಗಿ ಕಾಣುತ್ತಿಲ್ಲ. ಬಾರ್ಲಿ, ನೀರು, ಹಾಪ್ಸ್ ಬಿಟ್ಟು ಬೇರೇನೂ ಹಾಕಕೂಡದೆಂದ ಬವೇರಿಯಾದ 1516ರ ಕಟ್ಟಳೆ ನಮಗೇಕೆ? ಮಾಲ್ಟು, ಹಾಪ್ಸ್ ಬಹುಪಾಲು ಹಡಗಿನಲ್ಲಿ ಬರುವ ಊರಿನಲ್ಲಿ ರಾಗಿಯೋ ಕೊಡಗಿನ ಕಾಫಿಯೋ ಸೇರಿದಾಗಲೇ ಬಿಯರಿಗೆ ಈ ನೆಲದ ಗುರುತು ಹತ್ತೀತು. ತಕರಾರು ಒಂದೇ: ಗಾಢ ರುಚಿಗಳು ತಪ್ಪುಗಳನ್ನು ಮುಚ್ಚುತ್ತವೆ. ಮಾವಿನ ತಿರುಳಿನ ಹಿಂದೆ ಬಳಲಿದ ಯೀಸ್ಟು, ಕಾಫಿಯ ಹಿಂದೆ ಸೀದ ಮಾಲ್ಟು ಹಾಯಾಗಿ ಅಡಗಬಲ್ಲವು. ಹಣ್ಣು ತೆಗೆದುಹಾಕಿದರೆ ಉಳಿಯುವುದು ಬಿಯರೋ ಷರಬತ್ತೋ ಎಂಬ ಪ್ರಶ್ನೆಗೆ ಸಾದಾ ಗ್ಲಾಸು ಮೊದಲೇ ಉತ್ತರ ಕೊಟ್ಟಿರುತ್ತದೆ.

ಲೋಕೋ ಭಿನ್ನರುಚಿಃ, ನಿಮ್ಮ ನಾಲಿಗೆಯ ತೀರ್ಪು ನಮಗೇಕೆ ಎಂದು ಕೇಳುವವರಿದ್ದಾರೆ. ಕಹಿ ಬೇಕೋ ಬೇಡವೋ ಎಂಬುದು ನಿಜಕ್ಕೂ ಅವರವರ ರುಚಿ. ಆದರೆ ಕೊಳಕು ಪೈಪಿನಿಂದ ಬಂದ ಹುಳಿ ಯಾರ ರುಚಿಯೂ ಅಲ್ಲ, ಅದು ದೋಷ. ರುಚಿಭೇದ ಬೇರೆ, ದೋಷ ಬೇರೆ ಎಂದು ಬಿಡಿಸಿ ನೋಡುವುದನ್ನು ಕಲಿಯಬಹುದು, ಕಲಿಸಲೂಬಹುದು. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ ಮಾಡುತ್ತಿರುವುದು ಇದನ್ನೇ. ಅದರ ಅಂಕಪಟ್ಟಿ 50ಕ್ಕೆ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಸಿಗುವ ಮೈಕಟ್ಟಿಗೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಬರೀ ಮೂರಂಕ ಎಂಬುದನ್ನು ಫೋಟೋ ತೆಗೆಯುವ ಕಾಲದಲ್ಲಿ ಮತ್ತೆ ಮತ್ತೆ ನೆನಪಿಸಿಕೊಳ್ಳುವುದು ಒಳ್ಳೆಯದು. ಈ ಪಟ್ಟಿಗೂ ಮಿತಿಯುಂಟು. ಅದು ಸ್ಪರ್ಧೆಗಾಗಿ, ಹೆಸರು ಮುಚ್ಚಿಟ್ಟ ಬಿಯರಿಗಾಗಿ ಹುಟ್ಟಿದ್ದು. ಪಬ್ಬಿನಲ್ಲಿ ಯಾವುದೂ ಮುಚ್ಚಿರುವುದಿಲ್ಲ. ಅದಕ್ಕಿಂತ ಜನಪ್ರಿಯವಾದ ಮೊಬೈಲ್ ಆ್ಯಪ್‌ಗಳ ನಕ್ಷತ್ರಗಳಿಗೆ ಇನ್ನೊಂದು ಕಾಯಿಲೆ ಇದೆ: ಮೇಲಿನ ಸಾಲುಗಳೆಲ್ಲ ಭಾರೀ ಅಮಲಿನ ಸ್ಟೌಟುಗಳು, ಹಾಪ್ಸ್ ಸುರಿದ ಐಪಿಎಗಳು. ಎಷ್ಟೇ ಚೆನ್ನಾಗಿ ಮಾಡಿದರೂ ಸಾಧಾರಣ ಬಲದ ಲಾಗರು ಅಲ್ಲಿ ಮೇಲೇರುವುದು ಅಪರೂಪ.

ಇದೇ ಕಾಯಿಲೆ ನಮ್ಮ ಮೇಜಿನ ಮೇಲೂ ಬರುತ್ತದೆ, ಸ್ಯಾಂಪ್ಲರ್ ರೂಪದಲ್ಲಿ. ಮರದ ಹಲಗೆಯಲ್ಲಿ ಐದಾರು ಪುಟ್ಟ ಗ್ಲಾಸು ಒಟ್ಟಿಗೆ ಬರುವ ಈ ಏರ್ಪಾಡು ಹೊಸಬರಿಗೆ ಒಳ್ಳೆಯದು, ಕುಡಿಯುವ ಪ್ರಮಾಣವನ್ನೂ ಹದ್ದಿನಲ್ಲಿಡುತ್ತದೆ. ಐದು ಪಿಂಟ್ ಇಳಿಸಿದವನ ತೀರ್ಪಿಗೆ ಬೆಲೆಯಿಲ್ಲ. ವಿಮರ್ಶಕ ಕಡಿಮೆ ಕುಡಿಯಬೇಕು, ಮೆಟ್ರೊದಲ್ಲಿ ಹೋಗಿ ಬರಬೇಕು. ಆದರೆ ಒಂದೊಂದು ಗುಟುಕಿನ ಸ್ಪರ್ಧೆಯಲ್ಲಿ ಗೆಲ್ಲುವುದು ಯಾವಾಗಲೂ ಸಿಹಿಯಾದದ್ದು, ಗಾಢವಾದದ್ದು. ಅದೇ ಬಿಯರು ಅರ್ಧ ಗ್ಲಾಸು ಮುಗಿಯುವಷ್ಟರಲ್ಲಿ ಮುಖ ಕಟ್ಟುತ್ತದೆ. ಒಳ್ಳೆಯ ಲಾಗರು ಮೊದಲ ಗುಟುಕಿನಲ್ಲಿ ಏನೂ ಹೇಳದೆ, ಕೊನೆಯ ಗುಟುಕಿಗೆ ಮತ್ತೊಂದಿಷ್ಟು ಇರಬೇಕಿತ್ತು ಅನಿಸುವಂತೆ ಮಾಡುತ್ತದೆ. ಅದಕ್ಕೇ ಸ್ಯಾಂಪ್ಲರಿನಲ್ಲಿ ಹಗುರದಿಂದ ಗಾಢಕ್ಕೆ ಹೋಗಬೇಕು; ತೀರ್ಪನ್ನು ಒಂದು ಪೂರ್ತಿ ಗ್ಲಾಸಿನ ಮೇಲೆ ಕೊಡಬೇಕು, ಅದೂ ಚಳಿ ಸ್ವಲ್ಪ ಬಿಟ್ಟ ಮೇಲೆ. ಕೊರೆಯುವ ತಂಪು ನಾಲಿಗೆಯನ್ನು ಮರಗಟ್ಟಿಸುತ್ತದೆ.

ಉಪಚಾರದ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಬಿಯರಿಗೊಂದು ಅಂಕ, ಸೇವೆಗೊಂದು ಅಂಕ ಎಂದು ಬೇರೆ ಬೇರೆ ಹಾಕುವ ಪದ್ಧತಿಯೇ ತಪ್ಪು. ಟ್ಯಾಂಕು ಬಿಟ್ಟ ಮೇಲಿನ ಕೊನೆಯ ಹತ್ತು ಅಡಿಯಲ್ಲಿ ಬಿಯರನ್ನು ಕೆಡಿಸುವುದೂ ಉಳಿಸುವುದೂ ಬಡಿಸುವವರ ಕೈಯಲ್ಲಿದೆ. ಟ್ಯಾಂಕಿನಿಂದ ನಲ್ಲಿಗೆ ಬರುವ ಪೈಪನ್ನು ಎರಡು ವಾರಕ್ಕೊಮ್ಮೆಯಾದರೂ ಕ್ಷಾರದ ದ್ರಾವಣ ಹಾಯಿಸಿ ತೊಳೆಯಬೇಕೆಂಬುದು ಈ ಉದ್ಯಮದಲ್ಲಿ ಒಪ್ಪಿತ ನಿಯಮ. ತೊಳೆಯದಿದ್ದರೆ ಅಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿ, ಬ್ರೂವರ್ ನಿರ್ದೋಷವಾಗಿ ಇಳಿಸಿದ ಬಿಯರಿಗೂ ಹುಳಿ, ಬೆಣ್ಣೆ ವಾಸನೆ ಅಂಟಿಸುತ್ತವೆ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿ ನಿಂತಿದ್ದರೆ ಅಲ್ಲಿ ಜಿಡ್ಡೋ ಸೋಪೋ ಉಳಿದಿದೆ ಎಂದರ್ಥ. ಶುಚಿಯಾದ ಗ್ಲಾಸಿನಲ್ಲಿ ಬಿಯರ್ ಇಳಿಯುತ್ತ ಹೋದಂತೆ ನೊರೆ ಬಳೆಬಳೆಯಾಗಿ ಗೆರೆ ಬಿಟ್ಟುಹೋಗುತ್ತದೆ. ಮಂಜು ಹಿಡಿದ ಮಗ್‌ನಲ್ಲಿ ತಂದುಕೊಡುವುದನ್ನು ಎಷ್ಟೋ ಕಡೆ ಮರ್ಯಾದೆ ಎಂದೇ ತಿಳಿದಿದ್ದಾರೆ. ಆ ಮಂಜು ಕರಗಿ ಬಿಯರಿಗೆ ನೀರು ಸೇರುತ್ತದೆ, ವಾಸನೆ ಮುದುಡುತ್ತದೆ. ನೊರೆಯ ವಿಷಯದಲ್ಲಿ ಮಾತ್ರ ತಪ್ಪು ಗ್ರಾಹಕರ ಕಡೆಯೂ ಇದೆ. ನೊರೆ ಕಂಡರೆ ಮೋಸ ಹೋದೆವೆಂದು ಅಂಚಿನವರೆಗೆ ತುಂಬಿಸಿಕೊಳ್ಳುವವರು ವಾಸನೆಯ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಅಳತೆಯ ಅನುಮಾನ ನ್ಯಾಯವಾದದ್ದೇ, ಆದರೆ ಅದಕ್ಕೆ ಜರ್ಮನಿಯಲ್ಲಿ ಸರಳ ಪರಿಹಾರವಿದೆ. ಗ್ಲಾಸಿನ ಮೇಲೆ ಅಳತೆಯ ಗೆರೆ ಇರುತ್ತದೆ, ಬಿಯರ್ ಗೆರೆಯವರೆಗೆ, ನೊರೆ ಗೆರೆಯ ಮೇಲೆ. ಇಲ್ಲಿಯೂ ಇದನ್ನು ತರಲು ಯಾವ ತಂತ್ರಜ್ಞಾನವೂ ಬೇಕಿಲ್ಲ.

ಬಡಿಸುವವರಿಗೆ ಬಿಯರಿನ ಬಗ್ಗೆ ಏನು ಗೊತ್ತು ಎಂಬುದನ್ನೂ ಅಳೆಯಬೇಕು ಎಂದಾಗ ಒಂದು ಗಂಭೀರ ಆಕ್ಷೇಪ ಏಳುತ್ತದೆ. ದೂರದ ರಾಜ್ಯಗಳಿಂದ ಬಂದು, ಅಲ್ಪ ಸಂಬಳಕ್ಕೆ ನಡುರಾತ್ರಿಯವರೆಗೆ ನಿಂತೇ ದುಡಿಯುವ ಹುಡುಗ ಹುಡುಗಿಯರಿಗೆ ಪರೀಕ್ಷೆ ಇಡುವುದು ಉಳ್ಳವರ ದರ್ಪವಲ್ಲವೇ? ವ್ಯಕ್ತಿಯನ್ನು ಹೆಸರು ಹಿಡಿದು ದೂರುವುದಾದರೆ ಖಂಡಿತ ದರ್ಪವೇ. ಆದರೆ ಪ್ರಶ್ನೆ ಆ ವ್ಯಕ್ತಿಗಲ್ಲ, ಮಾಲೀಕನಿಗೆ. ಬ್ರೂವರ್ ಅಲ್ಲೇ ಗಾಜಿನ ಗೋಡೆಯ ಹಿಂದೆ ಇದ್ದಾನೆ. ಈ ವಾರ ಯಾವ ಟ್ಯಾಂಕು ತೆರೆದೆವು, ಯಾವುದು ಮುಗಿಯುತ್ತಾ ಬಂದಿದೆ, ಯಾವುದು ಕಹಿ ಎಂಬುದನ್ನು ಪಾಳಿ ಶುರುವಾಗುವ ಮುಂಚೆ ಸಿಬ್ಬಂದಿಗೆ ಹೇಳಲು, ಅವರಿಗೂ ಒಂದೊಂದು ಗುಟುಕು ಕೊಡಲು ಖರ್ಚೇ ಇಲ್ಲ. ಆ ಮಾತು ಮೇಜಿಗೆ ತಲುಪದಿದ್ದರೆ ಸಾಮೀಪ್ಯವೆಂಬ ಏಕೈಕ ಆಸ್ತಿಯನ್ನು ಮನೆಯವರೇ ಪೋಲು ಮಾಡಿದಂತೆ. ಇದನ್ನೊಂದು ವೃತ್ತಿಯಾಗಿ ಕಂಡು ಅಮೆರಿಕದಲ್ಲಿ 2008ರಿಂದ ಸಿಸರೋನ್ ಎಂಬ ಪ್ರಮಾಣಪತ್ರದ ಪರೀಕ್ಷೆಯೇ ನಡೆಯುತ್ತಿದೆ. ಬಿಯರ್ ಕಾಪಿಡುವುದು, ಸುರಿಯುವುದು, ದೋಷ ಗುರುತಿಸುವುದು ಅದರ ಪಾಠಗಳು. ಒಂದು ಗ್ಲಾಸು ಕೆಟ್ಟಿದೆ ಎಂದು ಹಿಂದಿರುಗಿಸಿದಾಗ ಏನಾಗುತ್ತದೆ ಎಂಬುದು ಮನೆಯ ಶಿಕ್ಷಣವನ್ನು ಎಲ್ಲಕ್ಕಿಂತ ಬೇಗ ಬಯಲು ಮಾಡುತ್ತದೆ. ‘ಸರ್, ಇದು ಹೀಗೇ ಇರೋದು’ ಎಂಬ ಉತ್ತರ ಒಂದು ಜಾತಿ, ಬ್ರೂವರನ್ನೇ ಕರೆದು ಮೂಸಿಸುವುದು ಇನ್ನೊಂದು ಜಾತಿ. ಹಣದ ವಿಷಯವೂ ಇಲ್ಲೇ ಸೇರುತ್ತದೆ. ಬಿಲ್ಲಿನಲ್ಲಿ ತಾನಾಗಿ ಸೇವಾ ಶುಲ್ಕ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ಕೇಳದೆಯೇ ಶುಲ್ಕ ಬರೆದಿದ್ದರೆ ಅದನ್ನು ತೆಗೆಸಿ, ಬಡಿಸಿದವರ ಕೈಗೆ ಇಷ್ಟವಿದ್ದಷ್ಟು ಕೊಡುವುದು ಎಲ್ಲ ದೃಷ್ಟಿಯಿಂದಲೂ ಮೇಲು.

ಜನ ಹೋಗುವುದು ಗೆಳೆಯರ ಜೊತೆ ಹರಟಲು, ನಿಮ್ಮ ಡೈಅಸಿಟೈಲ್ ಯಾರಿಗೆ ಬೇಕು ಎಂಬ ಮಾತನ್ನೂ ಕೇಳಿಸಿಕೊಳ್ಳೋಣ. ಹರಟಲಿ. ಆ ಸಂತೋಷವನ್ನು ಅಳೆಯಲು ಬೇರೆ ಮಾನದಂಡಗಳಿವೆ, ಅವು ಯಾವ ರೆಸ್ಟೋರೆಂಟಿಗೂ ಅನ್ವಯಿಸುತ್ತವೆ. ಬಾಗಿಲಿಗೆ ಬ್ರೂವರಿ ಎಂದು ಬರೆದು ಆ ಹೆಸರಿಗೆ ಬೆಲೆ ವಸೂಲು ಮಾಡುವವರನ್ನು ಬ್ರೂವರಿಯಾಗಿ ಅಳೆಯುವುದರಲ್ಲಿ ಅನ್ಯಾಯವೇನಿಲ್ಲ.

ಇದಕ್ಕಿಂತ ಗಟ್ಟಿಯಾದ ತೊಡಕು ‘ಸಣ್ಣ’ ಎಂಬುದರಲ್ಲೇ ಇದೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ವರ್ಷಕ್ಕೆ 60 ಲಕ್ಷ ಬ್ಯಾರೆಲ್ ತಯಾರಿಸುವವರನ್ನೂ ಸಣ್ಣವರೆಂದೇ ಕರೆಯುತ್ತದೆ! ಬೆಂಗಳೂರಿನ ಕೆಲವು ಬ್ರೂವರಿಗಳಲ್ಲಿ ಒಂದು ಮದುವೆಯ ದಿಬ್ಬಣವೇ ಕೂರಬಹುದು. ಅತ್ತ ಮುಂಬೈಯಲ್ಲಿ ಬೇರೆಡೆ ತಯಾರಾದ ಬಿಯರು ಕೆಗ್ಗುಗಳಲ್ಲಿ ಬಂದು ಸೇರುವ ಪುಟ್ಟ ಟ್ಯಾಪ್‌ರೂಮುಗಳಿವೆ. ಹಾಗಾದರೆ ನನ್ನ ಸಾಮೀಪ್ಯದ ಅಳತೆ ಎಲ್ಲಿ ನಿಲ್ಲುತ್ತದೆ? ಅಡಿಗಳ ಲೆಕ್ಕದಲ್ಲಿ ನಿಲ್ಲುವುದಿಲ್ಲ, ದಿನಗಳ ಲೆಕ್ಕದಲ್ಲಿ ನಿಲ್ಲುತ್ತದೆ. ಜನ ನೆರೆಯುವ ವಿಶಾಲ ಬ್ರೂವರಿಯಲ್ಲಿ ಗೋಧಿ ಬಿಯರಿನ ಟ್ಯಾಂಕು ಕೆಲವೇ ದಿನಗಳಲ್ಲಿ ಬರಿದಾಗುತ್ತದೆ. ಕಲಾತ್ಮಕವಾಗಿ ಅಲಂಕರಿಸಿದ, ಹನ್ನೆರಡು ನಲ್ಲಿಗಳಿರುವ, ಆದರೆ ಗಿರಾಕಿ ಕಡಿಮೆಯಿರುವ ಪುಟ್ಟ ಜಾಗದಲ್ಲಿ ಒಂಬತ್ತನೆಯ ನಲ್ಲಿಯ ಬಿಯರು ಯಾವಾಗಿನದೋ. ನಲ್ಲಿಗಳ ಸಂಖ್ಯೆಯನ್ನು ಹೊಗಳುವುದು ನಾವು ಮಾಡುತ್ತಿರುವ ದೊಡ್ಡ ತಪ್ಪು. ನಾಲ್ಕೇ ನಲ್ಲಿ, ನಾಲ್ಕೂ ಓಡುತ್ತಿರುವ ಮನೆ ಮೇಲು.

ಒಂದು ಭೇಟಿಯಲ್ಲಿ ತೀರ್ಪು ಕೊಡಬಹುದೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಸಣ್ಣ ಬ್ರೂವರಿಯಲ್ಲಿ ಒಂದು ಸಲದ ಬಿಯರಿನಂತೆ ಇನ್ನೊಂದು ಸಲದ್ದು ಇರುವುದಿಲ್ಲ. ಮಾಲ್ಟಿನ ಮೂಟೆ ಬದಲಾಗುತ್ತದೆ, ಬೇಸಿಗೆಯಲ್ಲಿ ನೀರಿನ ಮೂಲ ಬದಲಾಗುತ್ತದೆ. 2024ರ ಬರದಲ್ಲಿ ಟ್ಯಾಂಕರ್ ನೀರಿಗೂ ತತ್ವಾರವಾದ ಊರಿದು. ಹಾಗಾಗಿ ‘ಅಲ್ಲಿನ ಐಪಿಎ ಚೆನ್ನಾಗಿಲ್ಲ’ ಎಂದು ಬರೆಯುವುದಕ್ಕೆ ಅರ್ಥವಿಲ್ಲ. ಯಾವ ತಿಂಗಳು ಕುಡಿದದ್ದು ಎಂದು ಬರೆದರೆ ಅರ್ಥವಿದೆ. ಇದಕ್ಕೆ ಮನೆಯವರ ನೆರವೂ ಬೇಕು. ಬಿಯರಿನ ಹೆಸರು, ಅಮಲಿನ ಪ್ರಮಾಣ, ಕಹಿಯ ಅಂಕಿ ಬರೆಯುವ ಹಲಗೆಯ ಮೇಲೆ ಎರಡು ತಾರೀಖುಗಳಿಗೂ ಜಾಗ ಮಾಡಬೇಕು: ಕುದಿಸಿದ್ದು ಯಾವಾಗ, ನಲ್ಲಿಗೆ ಜೋಡಿಸಿದ್ದು ಯಾವಾಗ. ಒಂದೇ ತಾರೀಖು ಸಾಲದು, ಯಾಕೆಂದರೆ ಆರು ವಾರದ ಹಿಂದೆ ಕುದಿಸಿದ್ದೆಂದು ಓದಿ ಗ್ರಾಹಕ ಹದವಾಗಿ ಮಾಗಿದ ಲಾಗರನ್ನು ಬಿಟ್ಟು, ಅದೇ ವಯಸ್ಸಿನ ಗೋಧಿ ಬಿಯರನ್ನು ಹೆಸರು ನೋಡಿ ತರಿಸಿಯಾನು. ಮೊದಲನೆಯದಕ್ಕೆ ಆ ವಯಸ್ಸು ಯಾಕೆ ಭೂಷಣ, ಎರಡನೆಯದಕ್ಕೆ ಯಾಕೆ ಹೊರೆ ಎಂದು ಮೇಜಿನ ಬಳಿ ಯಾರಾದರೂ ಹೇಳಬೇಕಾಗುತ್ತದೆ. ಅದಕ್ಕೆ ಎರಡು ನಿಮಿಷ ಸಾಕು. ಶನಿವಾರ ರಾತ್ರಿಯೂ ಆ ಎರಡು ನಿಮಿಷ ಉಳಿಯುವಷ್ಟು ಜನರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೋ ಇಲ್ಲವೋ ಎಂಬುದನ್ನೂ ವಿಮರ್ಶೆಯಲ್ಲಿ ಬರೆಯಬೇಕು.